ಕೆಡದ ಯಂತ್ರ ಮಾಡಿದರೆ ಹೊಟ್ಟೆ ತುಂಬುತ್ತದೆಯೇ?

ಅಡುಗೆಮನೆಯಲ್ಲಿ ರುಬ್ಬುವ, ನಾದುವ ಎಂಟು ವರ್ಷ ಹಳೆಯ ಯಂತ್ರವೊಂದು ರಿಪೇರಿಗೆ ಬಂತು. ನಾನೇ ತಯಾರಿಸಿದ ಮೊದಲ ಕಂತಿನದು. ‘ಮೋಟಾರ್ ಸದ್ದು ಮಾಡುತ್ತದೆ, ಬ್ಲೇಡ್ ಮಾತ್ರ ತಿರುಗುವುದಿಲ್ಲ’ ಎಂದರು ತಂದವರು. ಜಾರ್ ಎತ್ತಿ ನೋಡಿದೆ. ಮೋಟಾರಿನ ತಿರುಗುವಿಕೆಯನ್ನು ಬ್ಲೇಡಿಗೆ ದಾಟಿಸುವ ಕಪ್ಲರಿನ ಹಲ್ಲುಗಳೆಲ್ಲ ನುಣ್ಣಗೆ ಸವೆದು, ಸುತ್ತಲೂ ಕಪ್ಪು ರಬ್ಬರಿನ ಪುಡಿ. ತಳ ಬಿಚ್ಚಿದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಉಗುರಿನಷ್ಟೇ ಉಳಿದಿದ್ದವು. ಮೋಟಾರಿನ ತಂತಿ ಸುರುಳಿ, ಅಂದರೆ ವೈಂಡಿಂಗ್ ಮಾತ್ರ ಎಲ್ಲಿಯೂ ಕಂದಿರಲಿಲ್ಲ. ಎರಡನ್ನೂ ಬದಲಾಯಿಸಿ ಕೊಡಲು ಕಾಲು ಗಂಟೆ ಸಾಕಾಯಿತು. ಅವರು ಹೊರಟ ಮೇಲೆ ಲೆಕ್ಕ ನೋಡಿಕೊಳ್ಳುವ ಹುಡುಗ ಹೇಳಿದ: ‘ಸರ್, ಇನ್ನೆಂಟು ವರ್ಷ ಇವರು ನಮ್ಮ ಕಡೆ ಬರುವುದಿಲ್ಲ.’

ಅವನು ಹೇಳಿದ್ದು ನಿಜ. ಆ ನಿಜದೊಂದಿಗೆ ಹೆಣಗಿಯೇ ನಾನು ಈ ಉದ್ಯಮದಲ್ಲಿ ಉಳಿದಿದ್ದೇನೆ.

ಮೊದಲು ನಾನು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದೆ. ಅಂಟು ಹಾಕಿ ಮುಚ್ಚಿದ, ಬಿಚ್ಚಲು ಒಂದು ಸ್ಕ್ರೂ ಸಹ ಇಲ್ಲದ ಯಂತ್ರಗಳು ದಿನವೂ ಬರುತ್ತಿದ್ದವು. ಒಳಗೆ ಕೆಟ್ಟಿರುತ್ತಿದ್ದುದು ಬೆರಳ ತುದಿಯಷ್ಟು ಭಾಗ, ಕಸಕ್ಕೆ ಹೋಗುತ್ತಿದ್ದುದು ಇಡೀ ಯಂತ್ರ. ಅದನ್ನು ನೋಡಿ ನೋಡಿ ರೋಸಿಹೋಗಿ ನನ್ನದೇ ಯಂತ್ರಕ್ಕೆ ಕೈ ಹಾಕಿದೆ. ಒಂದೇ ಮೋಟಾರ್, ಅದರ ಮೇಲೆ ರುಬ್ಬುವ, ಪುಡಿ ಮಾಡುವ, ಹೆಚ್ಚುವ, ಹಿಟ್ಟು ನಾದುವ ನಾಲ್ಕು ಜೋಡಣೆಗಳು.

ಹೇಳುವಷ್ಟು ಸುಲಭದ ಕೆಲಸವಲ್ಲ ಅದು. ಪುಡಿ ಮಾಡಲು ಬ್ಲೇಡ್ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನ ಆಸುಪಾಸು ತಿರುಗಬೇಕು. ನಾದುವುದಕ್ಕೆ ನೂರಿನ್ನೂರು ಸುತ್ತು ಸಾಕು, ಆದರೆ ತಿರುಚುವ ಬಲ ಹಲವು ಪಟ್ಟು ಬೇಕು. ಎರಡನ್ನೂ ಒಂದೇ ಮೋಟಾರಿನಿಂದ ಪಡೆಯಲು ನಡುವೆ ಗಿಯರ್ ಬೇಕು. ಹಿಟ್ಟು ಗಟ್ಟಿಯಾಗಿ ಸಿಕ್ಕಿಕೊಂಡರೆ ಎಲ್ಲೋ ಒಂದು ಕಡೆ ಮುರಿಯಲೇಬೇಕು. ಎಲ್ಲಿ ಮುರಿಯಬೇಕೆಂದು ಮೊದಲೇ ನಾವು ತೀರ್ಮಾನಿಸಿದೆವು. ಉಳಿದವೆಲ್ಲ ಉಕ್ಕಿನ ಗಿಯರ್‌ಗಳು, ಒಂದು ಮಾತ್ರ ನೈಲಾನಿನದು. ಅದು ಮುರಿದು ಮೋಟಾರನ್ನು ಉಳಿಸುತ್ತದೆ. ಎಲ್ಲ ಕೆಲಸವನ್ನೂ ಮಾಡುವ ಯಂತ್ರ ಯಾವ ಕೆಲಸವನ್ನೂ ಚೆನ್ನಾಗಿ ಮಾಡುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಅದಕ್ಕೇ ಐದನೆಯ ಜೋಡಣೆಯನ್ನು ನಾನು ಸೇರಿಸಲಿಲ್ಲ.

ಮೊದಲ ಮೂರು ವರ್ಷ ಬೇಡಿಕೆ ಏರುತ್ತಲೇ ಹೋಯಿತು. ಅದೇ ವೇಗ ಉಳಿಯುತ್ತದೆಂದು ನಂಬಿ ಸಾಲ ಮಾಡಿ ದೊಡ್ಡ ಶೆಡ್ ಹಾಕಿದೆ. ನಾಲ್ಕನೆಯ ವರ್ಷ ಮಾರಾಟ ಕುಸಿಯಿತು. ಬೇಕಾದವರು ಕೊಂಡಾಗಿತ್ತು, ಕೊಂಡವರ ಯಂತ್ರ ಓಡುತ್ತಿತ್ತು. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತಿತ್ತು.

ಈ ಅನುಭವದಿಂದಾಗಿ ಇನ್‌ಸ್ಟಂಟ್ ಪಾಟ್ ಸುದ್ದಿಯನ್ನು ನಾನು ಬೇರೆಯ ಕಣ್ಣಿನಿಂದ ಓದಿದೆ. 2010ರಲ್ಲಿ ಬಂದ ಆ ವಿದ್ಯುತ್ ಕುಕ್ಕರ್ ಒಂದೇ ಪಾತ್ರೆಯಲ್ಲಿ ಹಲವು ಕೆಲಸ ಮಾಡಿ ಮನೆಮಾತಾಯಿತು. 2019ರಲ್ಲಿ ಅದರ ಕಂಪನಿ ಒಂದು ಹೂಡಿಕೆ ಸಂಸ್ಥೆಯ ಕೈಕೆಳಗೆ ಬೇರೊಂದು ಪಾತ್ರೆ ಕಂಪನಿಯೊಂದಿಗೆ ಸೇರಿತು. 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತು. ಬಾಳಿಕೆ ಬರುವ ವಸ್ತು ಮಾಡಿದ್ದೇ ಅವರಿಗೆ ಮುಳುವಾಯಿತು ಎಂದು ಅನೇಕರು ಬರೆದರು. ನಾನು ಒಪ್ಪುವುದಿಲ್ಲ. ಮಾರಾಟ ಇಳಿದದ್ದು ನಿಜ, ಆದರೆ ಏರುತ್ತಲೇ ಇರುತ್ತದೆಂದು ಲೆಕ್ಕ ಹಾಕಿ ಹೊರಿಸಿದ ಸಾಲ ಇಲ್ಲದಿದ್ದರೆ ಅದೇ ಮಾರಾಟದಲ್ಲಿ ಒಂದು ಒಳ್ಳೆಯ ಕಂಪನಿ ನಡೆಯಬಹುದಿತ್ತು. ಒಮ್ಮೆ ಹೂಬಿಟ್ಟ ಬಳ್ಳಿ ವರ್ಷವಿಡೀ ಹೂಬಿಡಬೇಕೆಂದು ಹಟ ಹಿಡಿದರೆ ಹೇಗೆ?

ನಾನು ಶೆಡ್ ಮಾರಿ ಸಾಲ ತೀರಿಸಿದೆ. ಹಳೆಯ ಜಾಗಕ್ಕೇ ಮರಳಿ, ಆರ್ಡರ್ ಬಂದಷ್ಟೇ ಯಂತ್ರ ಜೋಡಿಸತೊಡಗಿದೆ. ಕೆಲವರನ್ನು ಕೆಲಸದಿಂದ ಕಳಿಸಬೇಕಾಯಿತು. ಆ ದಿನಗಳ ನೋವು ಇನ್ನೂ ಆರಿಲ್ಲ.

ಹೊಸ ಮಾಡೆಲ್ ತಂದರೆ ಮಾರಾಟ ಚೇತರಿಸಬಹುದೆಂದು ಆಗಲೇ ಒಂದು ದೊಡ್ಡ ತಪ್ಪನ್ನೂ ಮಾಡಿದ್ದೆ. ಕಪ್ಲರಿನ ಆಕಾರ ಬದಲಿಸಿದ್ದೆ. ಹೊಸದು ಹೆಚ್ಚು ಬಿಗಿ, ಸದ್ದು ಕಡಿಮೆ. ಆದರೆ ಹಳೆಯ ಜಾರ್ ಅದರ ಮೇಲೆ ಕೂರುತ್ತಿರಲಿಲ್ಲ. ನನ್ನನ್ನು ನಂಬಿ ಮೊದಲು ಕೊಂಡವರೇ ಹೊರಗುಳಿದರು. ಅಮೆರಿಕದ ಕಿಚನ್‌ಏಡ್ ಕಂಪನಿಯವರು 1937ರಲ್ಲಿ ತಂದ, ಹಿಟ್ಟು ಕಲಸುವ ‘ಮಾಡೆಲ್ ಕೆ’ ಮಿಕ್ಸರಿನ ಮುಂಭಾಗದ ಕಿಂಡಿಗೆ ಇಂದಿನ ಜೋಡಣೆಗಳೂ ಹೊಂದುತ್ತವೆ. ಅಷ್ಟು ದಶಕ ಒಂದು ಅಳತೆಗೆ ಅಂಟಿಕೊಂಡರೆ ಹಳೆಯ ಗಿರಾಕಿಯೂ ಹೊಸ ಜೋಡಣೆಗಾಗಿ ಮತ್ತೆ ಬರುತ್ತಾರೆ. ನಾನೂ ಹಳೆಯ ಆಕಾರಕ್ಕೆ ಮರಳಿದೆ, ನಡುವೆ ಮಾರಿದ ಯಂತ್ರಗಳಿಗೆ ಒಂದು ಉಂಗುರ ಮಾಡಿಸಿ ಉಚಿತವಾಗಿ ಕಳಿಸಿಕೊಟ್ಟೆ.

ಈಗ ಆದಾಯದ ದೊಡ್ಡ ಪಾಲು ಬರುವುದು ಜೋಡಣೆ, ಗ್ಯಾಸ್ಕೆಟ್, ಬ್ರಷ್, ಬ್ಲೇಡ್ ಮತ್ತು ಸರ್ವಿಸ್‌ನಿಂದ. ಹಳೆಯ ಯಂತ್ರವನ್ನು ಮರಳಿ ಕೊಂಡು, ಬೇರಿಂಗ್ ಬದಲಿಸಿ, ವಾರಂಟಿಯೊಂದಿಗೆ ಮತ್ತೆ ಮಾರುತ್ತೇವೆ. ಬಿಡಿಭಾಗಗಳ ದಾಸ್ತಾನಿನಲ್ಲಿ ಸಾಕಷ್ಟು ಹಣ ಸಿಕ್ಕಿಕೊಳ್ಳುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಸ್ವಿಚ್‌ಗಳಿವೆ. ಆದರೂ ‘ಆ ಭಾಗ ಈಗ ಸಿಗುವುದಿಲ್ಲ’ ಎಂದು ಯಾರಿಗೂ ಹೇಳಲು ನನಗೆ ಇಷ್ಟವಿಲ್ಲ. ಟಚ್ ಬಟನ್ ಹಾಕಿ ಎಂಬ ಒತ್ತಾಯವೂ ಬರುತ್ತಿದೆ. ಅದರ ಹಿಂದಿನ ಸರ್ಕ್ಯೂಟ್ ಬೋರ್ಡಿನ ಚಿಪ್ ತಯಾರಿಕೆ ಯಾವಾಗ ನಿಲ್ಲುತ್ತದೆಂಬುದು ನನ್ನ ಕೈಯಲ್ಲಿಲ್ಲ, ಹಾಗಾಗಿ ತಿರುಗಿಸುವ ನಾಬ್ ಅನ್ನೇ ಉಳಿಸಿಕೊಂಡಿದ್ದೇನೆ.

ಕಳೆದ ವಾರ ಕಪ್ಲರಿನ ಮೊದಲ ಅಚ್ಚು ಸವೆದಿರುವುದು ಕಣ್ಣಿಗೆ ಬಿತ್ತು. ಹಲ್ಲಿನ ಅಂಚು ಮೊಂಡಾಗಿ ಬರುತ್ತಿತ್ತು. ಅದೇ ಅಳತೆಯಲ್ಲಿ ಇನ್ನೊಂದು ಅಚ್ಚು ಕೊರೆಯಲು ಹೇಳಿ ಬಂದಿದ್ದೇನೆ.