ರಗಳೆ ಇರುವಲ್ಲೇ ಜಿಂಕೆ: ಎಲ್ಲರ ಕಾಡಿನಲ್ಲಿ ಬಿಲ್ಲು ಬೇಟೆ

ಮೊದಲ ವರ್ಷ ಹನ್ನೊಂದು ಸಲ ಕಾಡಿಗೆ ಹೋದೆ. ಕಂಡದ್ದು ಮೂರು ಬಾಲ. ಬಿಳಿಬಾಲದ ಜಿಂಕೆ ಗಾಬರಿಯಾದರೆ ಬಾಲ ಎತ್ತಿ, ಬಾವುಟ ಬೀಸುತ್ತಾ ಓಡಿಬಿಡುತ್ತದೆ. ಆ ವರ್ಷ ನನಗೆ ಸಿಕ್ಕ ದರ್ಶನ ಅಷ್ಟೇ. ಬಿಲ್ಲು ಚೆನ್ನಾಗಿತ್ತು, ಗುರಿಯೂ ತಕ್ಕಮಟ್ಟಿಗೆ ಇತ್ತು. ಆದರೆ ಎಲ್ಲರೂ ಕಾರು ನಿಲ್ಲಿಸುವ ಕಡೆ ನಾನೂ ನಿಲ್ಲಿಸಿದೆ, ಎಲ್ಲರೂ ನಡೆಯುವ ದಾರಿಯಲ್ಲೇ ನಡೆದೆ, ಎಲ್ಲರೂ ಹತ್ತುವಂಥ ಮರವನ್ನೇ ಹತ್ತಿದೆ. ಜಿಂಕೆಗಳಿಗೆ ಅದೆಲ್ಲ ಬಾಯಿಪಾಠ ಆಗಿತ್ತು.

ನಾನಿರುವುದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಹ್ಯೂರಾನ್-ಮ್ಯಾನಿಸ್ಟಿ ನ್ಯಾಷನಲ್ ಫಾರೆಸ್ಟ್ ಸಿಗುತ್ತದೆ. ಅದು ಕೇಂದ್ರ ಸರ್ಕಾರದ್ದು. ರಾಜ್ಯದ ಕೈಯಲ್ಲಿ ಇನ್ನೂ ಸುಮಾರು 40 ಲಕ್ಷ ಎಕರೆ ಕಾಡಿದೆ. ಜಮೀನು ಇಲ್ಲದ ನನ್ನಂಥವಳೂ ಲೈಸೆನ್ಸ್ ತೆಗೆದುಕೊಂಡು ಅಲ್ಲಿ ಬೇಟೆಯಾಡಬಹುದು. ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದೆಲ್ಲ ಇಲ್ಲಿಗೆ ಮಾತ್ರ. ನಾನೂ ಚಿಕ್ಕಂದಿನಲ್ಲಿ ಬಿಲ್ಲು ನೋಡಿದ್ದು ಯಕ್ಷಗಾನದಲ್ಲೇ.

ಕಾಗದಪತ್ರದ ಕೆಲಸ ಸುಲಭ. 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಬೇಕು. ನಾನು ಶುರು ಮಾಡಿದಾಗ ಇಲ್ಲಿನ ನಿವಾಸಿಗಳಿಗೆ ಬೇಸ್ ಲೈಸೆನ್ಸ್ (ಯಾವ ಬೇಟೆಗೂ ಮೊದಲು ಬೇಕಾದದ್ದು) 11 ಡಾಲರ್, ಜಿಂಕೆಯದ್ದು 20 ಡಾಲರ್ ಇತ್ತು. ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರವರೆಗೆ ಇರುತ್ತದೆ. ಮಾರನೇ ದಿನದಿಂದ ಬಂದೂಕಿನವರು ಬರುತ್ತಾರೆ. ಡಿಸೆಂಬರ್‌ನಲ್ಲಿ ಮತ್ತೆ ಬಿಲ್ಲು ಹಿಡಿಯಬಹುದು, ಚಳಿ ತಡೆಯುವವರಿಗೆ. ಯಾವ ಜಾಗದಲ್ಲಿ ಗಂಡು, ಎಲ್ಲಿ ಹೆಣ್ಣು, ಕೊಂಬಿಗೆ ಎಷ್ಟು ಕವಲು ಇರಬೇಕು ಅನ್ನುವುದು ಬದಲಾಗುತ್ತಿರುತ್ತದೆ. ಆ ವರ್ಷದ ನಿಯಮದ ಪುಸ್ತಕ ಓದಿ. ಗೆಳೆಯರ ಬಾಯಿಮಾತು ನಂಬಬೇಡಿ.

ಬಿಲ್ಲಿನ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನದು ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಗಾಲಿ ಇರುವಂಥದ್ದು, ಎಳೆಯುವ ಭಾರ 42 ಪೌಂಡ್. ಅಂಗಡಿಯಲ್ಲಿ 60 ಕೊಡಲು ನೋಡಿದರು, ಬೇಡ ಅಂದೆ. ಪೂರ್ತಿ ಎಳೆದ ಮೇಲೆ ಗಾಲಿಗಳು ಭಾರ ಹೊರುವುದರಿಂದ ಕೈಗೆ ಐದರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಕಷ್ಟವೆಲ್ಲ ಎಳೆಯುವ ಆ ಒಂದು ಕ್ಷಣದ್ದು. ಮೂರು ಗಂಟೆ ಚಳಿಯಲ್ಲಿ ಕೂತು ಮೈ ಮರಗಟ್ಟಿದ ಮೇಲೂ, ಬಿಲ್ಲನ್ನು ಆಕಾಶಕ್ಕೆ ಎತ್ತಿ ಒದ್ದಾಡದೆ, ನಿಧಾನವಾಗಿ ಎಳೆಯಲು ಆಗಬೇಕು. ಆಗದಿದ್ದರೆ ಭಾರ ಇಳಿಸಿ. ಬಾಣದ ಮೊನೆ ಚರ್ಮ ಕೆರೆಯುವಷ್ಟಲ್ಲ, ಕೂದಲು ಬೋಳಿಸುವಷ್ಟು ಹರಿತ ಇರಲಿ.

ಅಭ್ಯಾಸಕ್ಕೆ ನನ್ನದೊಂದು ಪದ್ಧತಿ ಇದೆ. ಆಗಸ್ಟ್‌ನಿಂದ ದಿನಕ್ಕೆ ಒಂದೇ ಬಾಣ. ಪಾಳಿ ಮುಗಿಸಿ ಬಂದವಳೇ, ಮೈ ಬೆಚ್ಚಗಾಗುವ ಮೊದಲು, ದಪ್ಪ ಜಾಕೆಟ್ ಹಾಕಿಕೊಂಡು ಒಂದು ಬಾಣ ಬಿಡುತ್ತೇನೆ. ಆಮೇಲೆ ಬೇಕಿದ್ದರೆ ಇಪ್ಪತ್ತು ಬಿಡಿ, ಅವು ಲೆಕ್ಕಕ್ಕಿಲ್ಲ. ಕಾಡಿನಲ್ಲಿ ಸಿಗುವುದು ಆ ಮೊದಲನೆಯದೇ ಅಲ್ವಾ?

ಇನ್ನು ಜಾಗ. ಇದು ಗೊತ್ತಾದರೆ ಅರ್ಧ ಬೇಟೆ ಆದ ಹಾಗೆ.

ಎಲ್ಲರ ಕಾಡಿನಲ್ಲಿ ಜಿಂಕೆಗಿಂತ ಮೊದಲು ಮನುಷ್ಯರನ್ನು ಹುಡುಕಿ. ನಾನು ಮಾರ್ಚ್‌ನಲ್ಲಿ, ಹಿಮ ಕರಗಿ ಇನ್ನೂ ಚಿಗುರು ಬರುವ ಮೊದಲು ಹೋಗುತ್ತೇನೆ. ಆಗ ಕಾಡು ಬತ್ತಲಾಗಿರುತ್ತದೆ. ಹೋದ ವರ್ಷದ ಎಲ್ಲ ಗುರುತೂ ಕಾಣುತ್ತದೆ. ಮರಕ್ಕೆ ಕಟ್ಟಿದ ಬಣ್ಣದ ಟೇಪು, ಟಾರ್ಚ್ ಬೆಳಕಿಗೆ ಹೊಳೆಯುವ ಪಿನ್ನು, ಕೊಂಬೆ ಕಡಿದ ಗಾಯ, ಮರೆತು ಹೋದ ಹಗ್ಗ. ಇವನ್ನೆಲ್ಲ ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕಿ ಇಟ್ಟು ಗುರುತಿಸುತ್ತೇನೆ. ರಾಜ್ಯದ ಮಿ-ಹಂಟ್ ನಕ್ಷೆಯಲ್ಲಿ ಯಾವುದು ಸರ್ಕಾರಿ, ಯಾವುದು ಖಾಸಗಿ ಅಂತ ಗೆರೆ ಇದೆ, ಅದನ್ನೂ ನೋಡಿಕೊಳ್ಳಿ. ನಾಲ್ಕು ದಿನ ಓಡಾಡಿದರೆ ಕೆಂಪು ಚುಕ್ಕಿಗಳ ನಡುವೆ ಖಾಲಿ ಜಾಗಗಳು ತಾವಾಗೇ ಕಾಣಿಸುತ್ತವೆ. ಜಿಂಕೆಯ ಗುರುತನ್ನು ಹುಡುಕಬೇಕಾದ್ದು ಅಲ್ಲಿ.

ಎರಡು ಮೈಲಿ ಒಳಗೆ ನಡೆದರೆ ಸಾಕು ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದೂರ ಮುಖ್ಯ ಅಲ್ಲ, ರಗಳೆ ಮುಖ್ಯ. ನನ್ನ ಒಳ್ಳೆಯ ಜಾಗ ಟಾರು ರಸ್ತೆಯಿಂದ 300 ಗಜ ಕೂಡ ಇಲ್ಲ. ಮಧ್ಯೆ ಮೊಣಕಾಲುದ್ದದ ನೀರು, ಆಚೆ ಜೊಂಡು, ಜೊಂಡಿನ ನಡುವೆ ಸ್ವಲ್ಪ ಎತ್ತರದ ದಿಬ್ಬ. ಬೂಟಿನೊಳಗೆ ನೀರು ನುಗ್ಗುತ್ತದೆ ಅಂತ ಯಾರೂ ದಾಟುವುದಿಲ್ಲ. ನಾನು ತೊಡೆವರೆಗಿನ ರಬ್ಬರ್ ಬೂಟು ಹಾಕಿ ದಾಟಿದೆ. ದಿಬ್ಬದ ಮೇಲೆ ಎರಡು ವೈಟ್ ಓಕ್ ಮರ, ನೆಲದ ತುಂಬ ಹಿಕ್ಕೆ, ಹುಲ್ಲಿನಲ್ಲಿ ಜಿಂಕೆ ಮಲಗಿದ ಅಂಡಾಕಾರದ ಗುರುತುಗಳು. ರಸ್ತೆಯಲ್ಲಿ ಲಾರಿ ಹೋಗುವ ಸದ್ದು ಕೇಳುತ್ತಲೇ ಅವು ನಿದ್ದೆ ಮಾಡುತ್ತಿದ್ದವು.

ಓಕ್ ಮರ ಗುರುತಿಸಲು ಕಲಿಯಿರಿ. ಎಲೆಯ ಅಂಚು ದುಂಡಗಿದ್ದರೆ ವೈಟ್ ಓಕ್, ಚೂಪಾಗಿದ್ದರೆ ರೆಡ್ ಓಕ್. ವೈಟ್ ಓಕಿನ ಕಾಯಿ ಕಹಿ ಕಡಿಮೆ, ಜಿಂಕೆಗೆ ಅದೇ ಇಷ್ಟ. ಅಕ್ಟೋಬರ್ ಮೊದಲ ವಾರಗಳಲ್ಲಿ ಕಾಯಿ ಉದುರುವ ಒಂದು ಮರ ಸಿಕ್ಕಿದರೆ ಬೇರೇನೂ ಬೇಡ. ಗಂಡುಗಳು ಕೊಂಬು ಉಜ್ಜಿ ತೊಗಟೆ ಸುಲಿದ ಮರ, ಬಾಗಿದ ಕೊಂಬೆಯ ಕೆಳಗೆ ಗೊರಸಿನಿಂದ ಕೆರೆದ ನೆಲ ಕಂಡರೆ ಖುಷಿಯಾಗುವುದು ಸಹಜ. ಆದರೆ ಅಂಥ ಕಡೆಗೆ ಅವು ಬರುವುದು ಜಾಸ್ತಿ ರಾತ್ರಿಯಲ್ಲಿ. ನಾನು ಅದರ ಮೇಲೆ ಕೂರುವುದಿಲ್ಲ, ಅದಕ್ಕೂ ಅವು ಮಲಗುವ ಜಾಗಕ್ಕೂ ನಡುವೆ ಕೂರುತ್ತೇನೆ.

ದಿನವನ್ನೂ ನೋಡಿ ಆರಿಸಿ. ಶನಿವಾರ ಪಾರ್ಕಿಂಗಿನಲ್ಲಿ ಒಂಬತ್ತು ಕಾರು ಇದ್ದರೆ ಮಂಗಳವಾರ ಒಂದೂ ಇರುವುದಿಲ್ಲ. ವಾರದ ನಡುವೆ ರಜೆ ಸಿಗುವುದೊಂದೇ ರಾತ್ರಿ ಪಾಳಿಯಿಂದ ನನಗಾದ ಲಾಭ. ಹೆಣ್ಣು ಬೆದೆಗೆ ಬರುವ ನವೆಂಬರ್ ಮೊದಲರ್ಧದಲ್ಲಿ ಮಾತ್ರ ವಾರ, ಗಂಟೆ ಯಾವುದೂ ಲೆಕ್ಕಕ್ಕಿಲ್ಲ. ಗಂಡುಗಳು ಮಟಮಟ ಮಧ್ಯಾಹ್ನವೂ ಓಡಾಡುತ್ತವೆ. ಆಗ ಬುತ್ತಿ ಕಟ್ಟಿಕೊಂಡು ಇಡೀ ದಿನ ಕೂತುಬಿಡಿ. ಹನ್ನೊಂದು ಗಂಟೆಗೆ ಬೇರೆಯವರು ಊಟಕ್ಕೆ ಅಂತ ಕಾರಿನ ಕಡೆ ನಡೆಯುತ್ತಾರಲ್ಲ, ಅವರು ಎಬ್ಬಿಸಿದ ಜಿಂಕೆ ನಿಮ್ಮ ಕಡೆಗೇ ಬರಬಹುದು.

ಗಾಳಿ ತಪ್ಪಿದರೆ ಈ ಪೂರ್ತಿ ಲೆಕ್ಕ ನೀರುಪಾಲು. ವಾಸನೆ ತಡೆಯುವ ಸೋಪು, ಸ್ಪ್ರೇ ಎಲ್ಲ ಕೊಂಡು ನೋಡಿದ್ದೇನೆ, ಸುಮ್ನೆ ದುಡ್ಡು ದಂಡ. ಜಿಂಕೆ ಬರುವ ಕಡೆಯಿಂದ ನಿಮ್ಮ ಕಡೆಗೆ ಗಾಳಿ ಇರಬೇಕು, ಅಷ್ಟೇ. ಅದನ್ನು ನೋಡಲು ಮಿಲ್ಕ್‌ವೀಡ್ ಕಾಯಿ ಜೇಬಿನಲ್ಲಿಡಿ. ಅದು ನಮ್ಮ ಎಕ್ಕದ ಗಿಡದ ನೆಂಟ, ಒಳಗೆ ಅದೇ ಥರ ರೇಷ್ಮೆ ಹತ್ತಿ. ಒಂದು ಎಳೆ ಬಿಟ್ಟರೆ ಐವತ್ತು ಗಜ ದೂರದವರೆಗೂ ತೇಲುವುದು ಕಾಣುತ್ತದೆ. ಒಂದು ಸಂಜೆ ಹವಾಮಾನದ ಆ್ಯಪ್ ಪಶ್ಚಿಮದ ಗಾಳಿ ಅಂದಿತ್ತು. ಐದೂವರೆಗೆ ಗಾಳಿ ಪೂರ್ತಿ ನಿಂತಿತು. ಎಳೆ ಬಿಟ್ಟು ನೋಡಿದರೆ ಅದು ನೇರ ಕೆಳಗಿಳಿದು, ನೀರು ಹರಿದಂತೆ ತಗ್ಗಿನ ಜೊಂಡಿನೊಳಗೆ ಹೋಯಿತು. ಬೆಳಿಗ್ಗೆ ಬಿಸಿಲಿಗೆ ಗಾಳಿ ಬೆಚ್ಚಗಾಗಿ ಮೇಲೇರುತ್ತದೆ, ಸಂಜೆ ತಣ್ಣಗಾಗಿ ತಗ್ಗಿಗೆ ಇಳಿಯುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಜೊಂಡಿನಿಂದ ಹೆಣ್ಣೊಂದು ಫೂ ಅಂತ ಊದಿ, ಕಾಲು ನೆಲಕ್ಕೆ ಕುಟ್ಟಿ, ಮಿಕ್ಕವನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ಸಂಜೆ ಹೊತ್ತು, ಜಿಂಕೆ ಮಲಗುವ ಜಾಗದ ಮೇಲಿನ ಏರಿನಲ್ಲಿ ನಾನು ಕೂರುವುದೇ ಇಲ್ಲ.

ಮರ ಹತ್ತಲು ನಾನು ಬಳಸುವುದು ಸ್ಯಾಡಲ್. ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ, ಮರಕ್ಕೆ ಕಟ್ಟಿದ ಹಗ್ಗಕ್ಕೆ ಒರಗಿ ಕೂರುವುದು. ಹಗುರ, ಸಂಜೆ ಬಿಚ್ಚಿಕೊಂಡು ಬರಬಹುದು. ಹದಿನೈದು ಅಡಿ ಎತ್ತರ ನನಗೆ ಸಾಕು. ಇಲ್ಲಿ ಸರ್ಕಾರಿ ಕಾಡಿನಲ್ಲಿ ತೊಗಟೆಯೊಳಗೆ ಹೋಗುವ ಮೊಳೆ, ಸ್ಕ್ರೂ ಮೆಟ್ಟಿಲು ಹಾಕುವಂತಿಲ್ಲ. ಸ್ಟ್ಯಾಂಡ್ (ಮರದ ಮೇಲೆ ಕೂರಲು ಕಟ್ಟುವ ಅಟ್ಟಣೆ) ಬಿಟ್ಟು ಬಂದರೆ ಅದರ ಮೇಲೆ ನಿಮ್ಮ ಗುರುತು ಇರಬೇಕು. ಬಿಟ್ಟು ಬಂದ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ. ನೆಲದಿಂದ ಕಾಲು ಎತ್ತಿದ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಹಗ್ಗ ಮರಕ್ಕೆ ಕಟ್ಟಿರಲಿ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದವರನ್ನು ನನ್ನ ವಾರ್ಡಿನಲ್ಲಿ ಪ್ರತಿ ನವೆಂಬರ್ ನೋಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಬಿಲ್ಲನ್ನು ಹೆಗಲಿಗೆ ಹಾಕಿ ಹತ್ತಬೇಡಿ, ಮೇಲೆ ಹೋಗಿ ಹಗ್ಗದಲ್ಲಿ ಎಳೆದುಕೊಳ್ಳಿ.

ಜಿಂಕೆ ಬಂತು ಅಂದುಕೊಳ್ಳಿ. ನನ್ನ ಬಾಣದ ವೇಗ ಸೆಕೆಂಡಿಗೆ 230 ಅಡಿ. ಶಬ್ದದ್ದು ಸುಮಾರು 1,100 ಅಡಿ. ಅಂದರೆ 30 ಗಜದಲ್ಲಿ ಹೆದೆಯ ಸದ್ದು ಕೇಳಿದ ಮೇಲೆ ಬಾಣ ಮುಟ್ಟಲು ಇನ್ನೂ 0.3 ಸೆಕೆಂಡ್ ಬೇಕು. ಓಡಲು ಕಾಲು ಮಡಚುವ ಜಿಂಕೆ ಅಷ್ಟರಲ್ಲಿ ಬಾಣದ ಕೆಳಗೆ ಕುಸಿದಿರುತ್ತದೆ. ಹಾಗಾಗಿ ನನ್ನ ಮಿತಿ 20 ಗಜ. ಅದು ತಲೆ ಎತ್ತಿ ನಿಮ್ಮ ಕಡೆ ನೋಡುತ್ತಿದ್ದರೆ 20ಕ್ಕೂ ಬಿಡಬೇಡಿ. ಪಕ್ಕೆ ಪೂರ್ತಿ ಕಾಣುವಂತೆ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ನಿಮ್ಮ ಕಡೆಯ ಮುಂಗಾಲು ಮುಂದಿಟ್ಟಾಗ, ಕಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಮೇಲೆ ಗುರಿ ಇಡಿ. ತಲೆ ಮರದ ಹಿಂದೆ ಮರೆಯಾದಾಗ ಎಳೆಯಿರಿ. ನಡೆಯುತ್ತಿದ್ದರೆ ಬಾಯಲ್ಲಿ ಮೆಲ್ಲಗೆ ‘ಮ್ಯಾ’ ಅನ್ನಿ, ನಿಲ್ಲುತ್ತದೆ.

ಎರಡನೇ ವರ್ಷ ನಾನು ಇದನ್ನೆಲ್ಲ ಮೀರಿದೆ. ಅಕ್ಟೋಬರ್ ಕೊನೆ, ಬೆಳಕು ಹೋಗುತ್ತಿತ್ತು, ಹೆಣ್ಣು ಜಿಂಕೆ 28 ಗಜದಲ್ಲಿ. ಮಳೆ ಬರುವ ಹಾಗಿತ್ತು. ಬಿಟ್ಟೆ. ಬಾಣ ಹಿಂದಕ್ಕೆ ತಗುಲಿತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಿಧಾನವಾಗಿ ನಡೆದು ಹೋಯಿತು. ಕೆಳಗಿಳಿದು ಬಾಣ ನೋಡಿದರೆ ಹಸಿರು ಮಿಶ್ರಿತ ಕಂದು ಬಣ್ಣ, ಕೆಟ್ಟ ವಾಸನೆ. ಹೊಟ್ಟೆಗೆ ಬಿದ್ದಿದೆ ಅಂತ ನನಗೆ ಗೊತ್ತಾಗಬೇಕಿತ್ತು, ದಿನಾ ನೋಡುವ ವಿಷಯ. ಗೊತ್ತೂ ಆಯಿತು. ಆದರೂ ಮಳೆಗೆ ಹೆದರಿ ಇಪ್ಪತ್ತೇ ನಿಮಿಷಕ್ಕೆ ಹಿಂದೆ ಹೋದೆ. ಅರವತ್ತು ಗಜದಲ್ಲಿ ಮಲಗಿತ್ತು. ನನ್ನ ಟಾರ್ಚ್ ಕಂಡು ಎದ್ದು ಜೊಂಡಿಗೆ ನುಗ್ಗಿತು. ರಾತ್ರಿಯಿಡೀ ಮಳೆ. ಮಾರನೇ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನೀರಿನಲ್ಲಿ ಹುಡುಕಿದೆ, ಸಿಗಲಿಲ್ಲ. ಆ ಸೀಸನ್‌ನಲ್ಲಿ ಮತ್ತೆ ಬಿಲ್ಲು ಎತ್ತಲಿಲ್ಲ.

ಹಾಗಾಗಿ ರಕ್ತ ಓದುವುದನ್ನು ಬಿಲ್ಲಿಗಿಂತ ಮೊದಲು ಕಲಿಯಿರಿ. ಗುಲಾಬಿ ಬಣ್ಣ, ನೊರೆ ನೊರೆ ಇದ್ದರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಹೋಗಿ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡು ಕೆಂಪಾಗಿದ್ದರೆ ಲಿವರ್ ಇರಬಹುದು, ಕಡಿಮೆ ಅಂದರೂ ನಾಲ್ಕು ಗಂಟೆ. ಹಸಿರು, ವಾಸನೆ ಇದ್ದರೆ ಎಂಟರಿಂದ ಹನ್ನೆರಡು ಗಂಟೆ, ಮಳೆ ಬಂದರೂ ಸರಿ. ರಕ್ತ ತೊಳೆದು ಹೋಗಬಹುದು, ಆದರೆ ಎಬ್ಬಿಸದ ಜಿಂಕೆ ಹೆಚ್ಚು ದೂರ ಹೋಗುವುದಿಲ್ಲ. ಬಾಣ ತಗುಲಿದ ಜಾಗಕ್ಕೂ ಕೊನೆಗೆ ರಕ್ತ ಕಂಡ ಜಾಗಕ್ಕೂ ಟಾಯ್ಲೆಟ್ ಪೇಪರ್ ತುಂಡು ಸಿಕ್ಕಿಸಿ. ಗಾಯಗೊಂಡ ಜಿಂಕೆ ಹುಡುಕುವ ನಾಯಿಗಳನ್ನು ಹಗ್ಗ ಹಿಡಿದು ಕರೆತರುವವರು ಇದ್ದಾರೆ, ಇಲ್ಲಿ ಅದಕ್ಕೆ ಅನುಮತಿ ಇದೆ. ಅವರ ನಂಬರ್ ಸೀಸನ್‌ಗೆ ಮೊದಲೇ ಫೋನಿನಲ್ಲಿ ಇರಲಿ. ನೀವು ತುಳಿದಾಡಿ ವಾಸನೆ ಹರಡುವ ಮೊದಲು ಕರೆಯಿರಿ.

ಜಿಂಕೆ ಸಿಕ್ಕ ಮೇಲೆ ಮೊದಲು ಟ್ಯಾಗ್, ಅಂದರೆ ಲೈಸೆನ್ಸಿನ ಚೀಟಿ, ಅದಕ್ಕೆ ಕಟ್ಟಬೇಕು. ಆಮೇಲೆ ಚಾಕು. ಕರುಳು ಬೇಗ ತೆಗೆದಷ್ಟೂ ಮಾಂಸ ಬೇಗ ತಣ್ಣಗಾಗುತ್ತದೆ. ಕರುಳನ್ನು ಜನ ನಡೆಯುವ ದಾರಿಯಲ್ಲಿ ಬಿಡಬೇಡಿ. ನೀರು ದಾಟಿಸಲು ಮಕ್ಕಳು ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ಬಂಡಿ ಇಟ್ಟುಕೊಂಡಿದ್ದೇನೆ, ತೇಲುತ್ತದೆ, ಎಳೆದರಾಯಿತು. 2022ರಿಂದ 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಮಾಡುವುದು ಕಡ್ಡಾಯ. ಫೋನಿನಲ್ಲೇ ಆಗುತ್ತದೆ.

ತಲೆಯನ್ನು ಪರೀಕ್ಷೆಗೆ ಕೊಡುತ್ತೇನೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ, ಜಿಂಕೆಯ ಮಿದುಳು ಹಾಳು ಮಾಡುವ ರೋಗ ಮಿಷಿಗನ್‌ನ ಕಾಡುಜಿಂಕೆಗಳಲ್ಲಿ 2015ರಲ್ಲಿ ಮೊದಲು ಕಂಡಿತು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ರೋಗ ಇದೆ ಅಂತ ಬಂದರೆ ತಿನ್ನಬಾರದು. ಫಲಿತಾಂಶ ಬರುವವರೆಗೆ ಆ ಜಿಂಕೆಯ ಮಾಂಸ ಫ್ರೀಜರ್‌ನ ಕೆಳಗಿನ ಗೂಡಿನಲ್ಲಿ ಬೇರೆಯಾಗಿ ಇರುತ್ತದೆ. ಚೀಲದ ಮೇಲೆ ಮಾರ್ಕರ್‌ನಲ್ಲಿ ತಾರೀಕು, ಟ್ಯಾಗಿನ ನಂಬರ್, ‘ಮುಟ್ಟಬೇಡಿ’.