ಬಿಸಿಯಾದರೆ ಎಳೆಯದ ಹೈಡ್ರೋ: ನಾನು ದೋಷ ಹುಡುಕುವ ಕ್ರಮ

ಹೈಡ್ರೋ, ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್ ಇರುವ ಗಾರ್ಡನ್ ಟ್ರ್ಯಾಕ್ಟರ್ ಮಂದವಾಗಿದೆ ಎಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳುತ್ತೇನೆ: ಸ್ಟಾರ್ಟ್ ಮಾಡಿದಾಗಿನಿಂದಲೇ ಮಂದವೋ, ಅರ್ಧ ಗಂಟೆ ಓಡಿ ಕಾದ ಮೇಲೋ? ತಣ್ಣಗಿದ್ದಾಗಲೂ ಎಳೆಯದಿದ್ದರೆ ಬೆಲ್ಟ್, ಲಿಂಕೇಜ್ (ಪೆಡಲ್‌ನಿಂದ ಟ್ರಾನ್ಸ್‌ಮಿಷನ್‌ಗೆ ಹೋಗುವ ಸರಳು), ಬೈಪಾಸ್ (ಗಾಡಿಯನ್ನು ಕೈಯಿಂದ ತಳ್ಳಲು ಪಂಪಿನ ಒತ್ತಡ ಬಿಡಿಸುವ ವಾಲ್ವ್) ಅಥವಾ ಆಯಿಲ್‌ಗೆ ಸೇರಿದ ಗಾಳಿಯನ್ನು ಶಂಕಿಸುತ್ತೇನೆ. ಕಾದ ಮೇಲಷ್ಟೇ ಸೋತರೆ ಆಯಿಲ್, ಕೂಲಿಂಗ್ ಅಥವಾ ಒಳಗಿನ ಸವೆತ.

ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬೆಲ್ಟ್‌ನಿಂದ ಶುರು ಮಾಡುತ್ತೇನೆ. ವಿ-ಬೆಲ್ಟ್ ಹಿಡಿಯುವುದು ಪಕ್ಕದ ಗೋಡೆಗಳಿಂದ. ಸವೆದು ಪುಲ್ಲಿಯ ತಳಕ್ಕೆ ಕೂತಿದ್ದರೆ, ಪಕ್ಕಗಳು ಗಾಜಿನಂತೆ ನುಣುಪಾಗಿದ್ದರೆ ಅದು ಜಾರುತ್ತದೆ. ಟೆನ್ಷನ್ ಹೆಚ್ಚಿಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಬೆಲ್ಟನ್ನು ಬಿಗಿಯಾಗಿಡುವ ಐಡ್ಲರ್ ತೋಳು ತುಕ್ಕು ಹಿಡಿದು ಬಿಗಿದಿದ್ದರೂ ಇದೇ ಲಕ್ಷಣ.

ಬೈಪಾಸ್ ರಾಡ್ ಪೂರ್ತಿ ಡ್ರೈವ್ ಸ್ಥಾನದಲ್ಲಿರಬೇಕು. ಪೆಡಲ್ ಪೂರ್ತಿ ಒತ್ತಿದಾಗ ಟ್ರಾನ್ಸ್‌ಮಿಷನ್ ಮೇಲಿನ ತೋಳು ತನ್ನ ಕೊನೆ ಮುಟ್ಟಬೇಕು. ಪಿನ್ ತೂತು ಸವೆದಿದ್ದರೆ ಮುಟ್ಟುವುದಿಲ್ಲ. ಬೈಪಾಸ್ ತೆರೆದು ಸಮತಟ್ಟು ನೆಲದಲ್ಲಿ ತಳ್ಳಿದರೂ ಗಾಡಿ ಸರಿಯದಿದ್ದರೆ ಬ್ರೇಕ್ ಹಿಡಿದಿದೆಯೇ ನೋಡಿ.

ಕಾದ ಮೇಲಿನ ಸೋಲಿಗೆ ಕಾರಣ ಸರಳ. ಪಂಪಿನ ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಆಯಿಲ್ ಕಾದು ತೆಳುವಾದಷ್ಟೂ ಅಲ್ಲಿಂದ ಸೋರಿ ಹಿಂದಕ್ಕೆ ಹೋಗುತ್ತದೆ, ಒತ್ತಡ ಕೂಡುವುದಿಲ್ಲ. ಸವೆತ ಈ ಸಂದನ್ನು ಹಿಗ್ಗಿಸುತ್ತದೆ. ಹಾಗಾಗಿ ಮೊದಲು ಶಾಖ ಹೊರಬಿಡುವ ಹೊರಗಿನ ಫಿನ್‌ಗಳ ಮೇಲೆ ಆಯಿಲ್ ಜೊತೆ ಗಟ್ಟಿಯಾಗಿ ಅಂಟಿದ ಹುಲ್ಲನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯುತ್ತೇನೆ. ಫ್ಯಾನಿನ ಎಲೆ ಮುರಿದಿದ್ದರೆ ಬದಲಿಸುತ್ತೇನೆ. ಒಂದೆರಡು ಎಲೆ ತಾನೇ ಎಂದು ಬಿಡುವವರೇ ಹೆಚ್ಚು.

ಆಯಿಲ್ ಹಾಲಿನಂತಿದ್ದರೆ ನೀರು ಸೇರಿದೆ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಸಿಗೆ ಕೆಟ್ಟಿದೆ. ಕೆಲವಕ್ಕೆ 20W-50, ಕೆಲವಕ್ಕೆ 10W-30 ಎಂಜಿನ್ ಆಯಿಲ್. ಮ್ಯಾನ್ಯುಯಲ್ ನೋಡಿಯೇ ಹಾಕಿ. ‘ಸೀಲ್ಡ್’ ಎನ್ನುವ ಸಣ್ಣ ಘಟಕಗಳಲ್ಲಿ ಡ್ರೇನ್ ಬೋಲ್ಟ್ ಇರುವುದಿಲ್ಲ. ಅವನ್ನು ಇಳಿಸಿ, ತಲೆಕೆಳಗಾಗಿಸಿ, ಫಿಲ್ ತೂತಿನಿಂದಲೇ ರಾತ್ರಿಯಿಡೀ ಬಸಿಯಬೇಕು. ಬಂದ ಆಯಿಲ್ ಅಳೆದಿಡಿ, ಮ್ಯಾನ್ಯುಯಲ್‌ನ ಅಳತೆಗಿಂತ ತುಂಬಾ ಕಡಿಮೆಯಿದ್ದರೆ ಸೀಲ್ ಎಲ್ಲೋ ಸೋರುತ್ತಿರಬಹುದು.

ಹೊಸ ಆಯಿಲ್ ತುಂಬಿದ ಮೇಲೆ ಏರ್ ತೆಗೆಯದಿದ್ದರೆ ಗಾಡಿ ಮೊದಲಿಗಿಂತಲೂ ಮಂದವಾಗುತ್ತದೆ, ಕುಂಯ್‌ಗುಡುತ್ತದೆ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲಿಡಿ. ಬೈಪಾಸ್ ತೆರೆದು, ಎಂಜಿನ್ ನಿಧಾನಕ್ಕೆ ಓಡಿಸುತ್ತಾ, ಪೆಡಲ್ಲನ್ನು ಮುಂದಕ್ಕೆ, ಹಿಂದಕ್ಕೆ 5-6 ಸಲ ಮೆಲ್ಲಗೆ ಒತ್ತಿ. ಬೈಪಾಸ್ ಮುಚ್ಚಿ ಮತ್ತೆ ಅಷ್ಟೇ ಸಲ. ನಿಲ್ಲಿಸಿ, ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿ.

ಇಷ್ಟಾದರೂ ಕಾದ ಮೇಲೆ ಏರು ಹತ್ತದಿದ್ದರೆ ಪಂಪ್ ಬ್ಲಾಕ್ ಮತ್ತು ಅದು ಕೂರುವ ಪ್ಲೇಟಿನ ಮುಖದಲ್ಲಿ ಗೆರೆ ಬಿದ್ದಿರುವ ಸಾಧ್ಯತೆ ಹೆಚ್ಚು. ದಪ್ಪ ಆಯಿಲ್ ಹಾಕಿದರೆ ದೋಷ ಸ್ವಲ್ಪ ದಿನ ಮುಚ್ಚಿಹೋಗುತ್ತದೆ, ಅಷ್ಟೇ. ಬಿಚ್ಚಿ ನೋಡಿ, ಉಗುರಿಗೆ ಸಿಗುವಷ್ಟು ಗೆರೆ ಇದ್ದರೆ ಎರಡನ್ನೂ ಜೊತೆಯಾಗಿಯೇ ಬದಲಿಸುತ್ತೇನೆ.