‘ಅವನು’ ‘ಇವನು’ ಆದ ಅಧ್ಯಾಯ

2019ರಲ್ಲಿ ನನ್ನ ಹಸ್ತಪ್ರತಿಯನ್ನು ಓದಿದ ಹಿರಿಯ ಸಂಪಾದಕರೊಬ್ಬರು ಹೀಗೆ ಹೇಳಿದ್ದರು: “ಇಬ್ಬರು ಗಂಡಸರ ಪ್ರೇಮವನ್ನು ಕನ್ನಡದಲ್ಲಿ ಹತ್ತು ಪುಟ ಬರೆಯಬಹುದು. ಇನ್ನೂರು ಪುಟ ಬರೆದರೆ ಯಾವ ‘ಅವನು’ ಯಾವ ‘ಅವನ’ ಕೈ ಹಿಡಿದನೆಂದು ತಿಳಿಯುವುದಿಲ್ಲ. ಒಬ್ಬನನ್ನು ಹುಡುಗಿ ಮಾಡಿಬಿಡಿ.” ಆ ಕಾದಂಬರಿ ಈಗ 216 ಪುಟಗಳ ಪುಸ್ತಕ. ಎರಡನೇ ಮುದ್ರಣವೂ ಮುಗಿಯುತ್ತ ಬಂದಿದೆ. ಯಾವ ‘ಅವನು’ ಎಂದು ಕೇಳಿ ಇದುವರೆಗೆ ಒಬ್ಬರೂ ಪತ್ರ ಬರೆದಿಲ್ಲ. ಅದು ಹೇಗಾಯಿತೆಂದು ಇಂಥದ್ದನ್ನೇ ಬರೆಯುತ್ತಿರುವ ಗೆಳೆಯ ಗೆಳತಿಯರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಆಸುಪಾಸಿನದು. ಅಜ್ಜ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿಯಾಗಿದ್ದವರು. ಕೆರೆಯ ನೀರು ಹರಿಯುವ ಎರಡು ನಾಲೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂದು ಹೆಸರು. ಒಂದೇ ಕೆರೆಯಿಂದ ಹೊರಟ ಎರಡು ಗಂಡು ಹೆಸರುಗಳು ಚಿಕ್ಕಂದಿನಿಂದಲೂ ನನ್ನ ತಲೆಯಲ್ಲಿದ್ದವು. ಕೆರೆಯ ತಳದಲ್ಲಿ ಸ್ವರ್ಗಾವತಿ ಎಂಬ ಪಟ್ಟಣ ಮುಳುಗಿದೆ ಎಂಬ ಐತಿಹ್ಯವೂ ಇದೆ. ನನ್ನ ಕಥೆ ಇಷ್ಟರಿಂದಲೇ ಹುಟ್ಟಿತು. ನೀರಗಂಟಿ ಸಿದ್ಧ, ಮುಳುಗಿದ ಪಟ್ಟಣದಿಂದ ಒಂದು ರಾತ್ರಿ ಕೆರೆಯ ನೀರು ಬಿಡುವ ತೂಬಿನ ಬಳಿ ಎದ್ದು ಬರುವ ಹೊನ್ನ. ಅದ್ಭುತ ಕಥೆಯೂ ಹೌದು, ಪ್ರೇಮಕಥೆಯೂ ಹೌದು. ಎರಡರಲ್ಲಿ ಯಾವುದನ್ನೂ ಬಿಟ್ಟುಕೊಡಬಾರದೆಂದು ಮೊದಲ ದಿನವೇ ನಿಶ್ಚಯಿಸಿದ್ದೆ.

2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’, ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳ ಸಂಕಲನ, ಬಂದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ನನ್ನು ಮತ್ತೆ ಎತ್ತಿ ಹಿಡಿದಿತ್ತು. ಆ ಪುಸ್ತಕ ನನ್ನಂಥ ಎಷ್ಟೋ ಜನರಿಗೆ ಉಸಿರು ಕೊಟ್ಟಿತು. ಆದರೆ ಅದು ನಾವು ಬದುಕುವ ಊರು, ಕಚೇರಿ, ಬಾಡಿಗೆ ಮನೆಗಳ ಕಥೆ. ನನಗೆ ರಾಜ್ಯವೂ ಬೇಕಿತ್ತು, ಮಾಟವೂ ಬೇಕಿತ್ತು, ಕೊನೆಯಲ್ಲಿ ಒಂದು ಮದುವೆಯೂ ಬೇಕಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರಿಗಳನ್ನು ಅಮ್ಮ ಓದಿ ಮುಗಿಸಿದ ಮೇಲೆ ಕದ್ದು ಓದಿ ಬೆಳೆದವನು ನಾನು. ಕೊನೆಯ ಪುಟದಲ್ಲಿ ಇಬ್ಬರು ಒಂದಾಗುವಾಗ ಸಿಗುವ ಸುಖ ನಮ್ಮವರಿಗೂ ಸಿಗಬೇಕೆಂಬುದು ನನ್ನ ಹಟ.

ಮೊದಲ ಕರಡು, ಅದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ 2018ರ ಸೆಪ್ಟೆಂಬರ್ 6ರ ತೀರ್ಪಿನ ಮರುವಾರ ಶುರುವಾಯಿತು. ಉತ್ಸಾಹದಲ್ಲಿ ನಾಲ್ಕೇ ತಿಂಗಳಿಗೆ ಮುಗಿಸಿದೆ, ಪೂರ್ತಿ ಹಾಳು ಮಾಡಿದೆ. ಪುರಾಣದ ಆಸರೆ ಹಿಡಿದದ್ದೇ ತಪ್ಪು. ಸ್ಕಾಂದ ಪುರಾಣದ ಸೀಮಂತಿನಿಯ ಕಥೆ ನಿಮಗೆ ಗೊತ್ತಿರುತ್ತದೆ. ದಂಪತಿಯ ವೇಷದಲ್ಲಿ ಹೋದ ಇಬ್ಬರು ಗೆಳೆಯರಲ್ಲಿ ಒಬ್ಬನು ನಿಜವಾಗಿಯೂ ಹೆಣ್ಣಾಗಿಬಿಡುತ್ತಾನೆ. ನಾನೂ ಹೊನ್ನನಿಗೆ ಒಂದು ಶಾಪ ಕೊಟ್ಟು, ಮೂರನೇ ಭಾಗದಲ್ಲಿ ಹೆಣ್ಣು ಮಾಡಿ, ಮದುವೆ ಮಾಡಿಸಿದೆ. ಓದಿದ ಏಳೆಂಟು ಜನರೂ ಮೆಚ್ಚಿದರು. ಅವರು ಮೆಚ್ಚಿದ ಜಾಗವನ್ನು ನೋಡಿ ನನಗೆ ಕಸಿವಿಸಿಯಾಯಿತು. ಹೊನ್ನನು ಹೆಣ್ಣಾದ ಪುಟದಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು. ನಾನು ಬರೆಯಹೊರಟ ಪ್ರೇಮವನ್ನು ನಾನೇ ಅಳಿಸಿ, ಅವರು ಮೊದಲೇ ಒಪ್ಪಿದ್ದ ಪ್ರೇಮವನ್ನು ಅಲ್ಲಿ ಕೂರಿಸಿದ್ದೆ. ದೇಹ ಬದಲಾಗುವ ನಮ್ಮ ಪುರಾಣ ಕಥೆಗಳನ್ನು ನಾನು ಪ್ರೀತಿಸುತ್ತೇನೆ; ಲಿಂಗ ಬದಲಾವಣೆಯ ಅನುಭವವುಳ್ಳವರಿಗೆ ಅವು ದೊಡ್ಡ ಆಸ್ತಿ. ಆದರೆ ಇಬ್ಬರು ಗಂಡಸರ ಪ್ರೇಮಕ್ಕೆ ಅವುಗಳನ್ನು ಪರಿಹಾರವಾಗಿ ಬಳಸುವುದು ಮೋಸ.

ಎರಡನೇ ಕರಡಿನಲ್ಲಿ ಇಬ್ಬರನ್ನೂ ಸಾಯಿಸಿದೆ. ‘ಕೆರೆಗೆ ಹಾರ’ ಓದಿ ಅತ್ತ ಭಾಷೆಯಲ್ಲಿ ಕೆರೆಗೆ ಬಲಿ ಕೊಡುವುದು ಸುಲಭ. ಈ ಕರಡನ್ನು ಪ್ರಕಟಿಸಲು ಒಬ್ಬ ಪ್ರಕಾಶಕರು ಮುಂದೆ ಬಂದರು, ‘ಗಂಭೀರ ಕೃತಿ’ ಎಂದರು. ಆ ವಾರ ಹಾವೇರಿ ಕಡೆಯ ಒಬ್ಬ ಹುಡುಗನಿಗೆ ಕರಡನ್ನು ಕಳಿಸಿದ್ದೆ. ಅವನು ಒಂದೇ ಸಾಲು ಬರೆದನು: “ಅಣ್ಣ, ನಮ್ಮ ಕಥೆಗಳಲ್ಲಿ ಯಾರಾದರೂ ಮುದುಕರಾಗುತ್ತಾರೆಯೇ?” ಮರುದಿನ ಪ್ರಕಾಶಕರಿಗೆ ಬೇಡವೆಂದು ಹೇಳಿದೆ. ಕೈಗೆ ಬರಬೇಕಿದ್ದ ಹದಿನೈದು ಸಾವಿರ ರೂಪಾಯಿ ಹೋಯಿತು, ಅದರ ಬಗ್ಗೆ ಈಗಲೂ ಬೇಸರವಿಲ್ಲ.

ಮೂರನೇ ಕರಡಿಗೆ ಬರುವಾಗ ಸಂಪಾದಕರ ಆಕ್ಷೇಪ ನಿಜವೆಂದು ಒಪ್ಪಿಕೊಳ್ಳಬೇಕಾಯಿತು. ಒಂದು ಗಂಡು ಒಂದು ಹೆಣ್ಣು ಇರುವ ದೃಶ್ಯದಲ್ಲಿ ಕ್ರಿಯಾಪದವೇ ಯಾರೆಂದು ಹೇಳುತ್ತದೆ: ನಕ್ಕನು, ನಕ್ಕಳು. ನಮ್ಮ ದೃಶ್ಯದಲ್ಲಿ ಇಬ್ಬರೂ ‘ನಕ್ಕನು’. ಮೊದಲು ಹೆಸರುಗಳನ್ನೇ ಬಳಸಿ ನೋಡಿದೆ. ಒಂದು ಪುಟದಲ್ಲಿ ‘ಸಿದ್ಧ’ ಮೂವತ್ತು ಸಲ ಬಂದು ಮಗ್ಗಿ ಓದಿದಂತಾಯಿತು. ‘ಎತ್ತರದವನು’, ‘ಕಿರಿಯವನು’ ಎಂದು ಬರೆದೆ, ಪಂಚನಾಮೆಯಂತೆ ಕೇಳಿಸಿತು. ಅಧ್ಯಾಯ ಬಿಟ್ಟು ಅಧ್ಯಾಯ ಇಬ್ಬರಿಂದಲೂ ‘ನಾನು’ ಎಂದು ಹೇಳಿಸಿದೆ. ವ್ಯಾಕರಣ ಸರಿಹೋಯಿತು, ಆದರೆ ಇಬ್ಬರ ದನಿಯೂ ನನ್ನದೇ ಆಗಿಬಿಟ್ಟಿತು. ಈ ಮೂರರಲ್ಲಿ ಸುಮಾರು ಒಂದೂವರೆ ವರ್ಷ ಕಳೆಯಿತು.

ದಾರಿ ಸಿಕ್ಕಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ಚಿಕ್ಕಮ್ಮ ಚಿಕ್ಕಪ್ಪನ ಹೆಸರು ಹೇಳುವವರಲ್ಲ. “ಇವರು ಊಟ ಮಾಡಿಲ್ಲ” ಎನ್ನುತ್ತಾರೆ. ಚಿಕ್ಕಪ್ಪ ನೂರು ಮೈಲಿ ದೂರದಲ್ಲಿದ್ದರೂ ‘ಇವರು’. ಆ ‘ಇ’ಗೆ ಹತ್ತಿರದಲ್ಲಿ ನಿಂತಿರುವವರು ಎಂಬ ಅರ್ಥವಿಲ್ಲ, ನನ್ನವರು ಎಂಬ ಅರ್ಥವಿದೆ. ಕನ್ನಡ ಹೆಂಗಸರು ತಲೆಮಾರುಗಳಿಂದ ಒಂದು ಅಕ್ಷರದಲ್ಲಿ ದಾಂಪತ್ಯವನ್ನು ಹೇಳುತ್ತ ಬಂದಿದ್ದಾರೆ, ನಾನು ವ್ಯಾಕರಣ ಪುಸ್ತಕ ಹುಡುಕುತ್ತಿದ್ದೆ.

ನಾನು ಹಾಕಿಕೊಂಡ ನಿಯಮ ಇದು. ಇಡೀ ಕಾದಂಬರಿ ಸಿದ್ಧನ ಕಣ್ಣಿನಿಂದ. ಸಿದ್ಧನಿಗೆ ‘ತಾನು’, ‘ತನ್ನ’. ಹೊನ್ನ ಮಾತ್ರ ‘ಅವನು’. ಮೂರನೆಯ ಗಂಡಸು ಯಾರೇ ಬಂದರೂ ಅವನಿಗೆ ಸರ್ವನಾಮದ ಹಕ್ಕಿಲ್ಲ. ಹೆಸರು ಅಥವಾ ಕಸುಬು: ತಳವಾರ, ಅಂಬಿಗ, ಶಾನುಭೋಗ. ಹದಿಮೂರು ಅಧ್ಯಾಯ ಹೀಗೆ ನಡೆದು, ಹದಿನಾಲ್ಕನೆಯದರ ನಡುವೆ, ಯಾವ ಘೋಷಣೆಯೂ ಇಲ್ಲದೆ, ‘ಅವನು’ ‘ಇವನು’ ಆಗುತ್ತಾನೆ. “ಅವನು ತೂಬಿನ ಕಲ್ಲಿನ ಮೇಲೆ ಮಲಗಿದ್ದನು. ಸಿದ್ಧ ಕಂದೀಲು ಎತ್ತಿ ನೋಡಿದನು. ಇವನಿಗೆ ಜ್ವರ ಬಂದಿತ್ತು.” ಅಷ್ಟೇ. ಅಲ್ಲಿಂದ ಕೊನೆಯವರೆಗೆ ಹೊನ್ನ ‘ಇವನು’. ಜಗಳವಾಡುವ ಇಪ್ಪತ್ತೊಂದನೇ ಅಧ್ಯಾಯದಲ್ಲಿ ಮಾತ್ರ ಮೂರು ಪುಟ ಮತ್ತೆ ‘ಅವನು’ ಆಗುತ್ತಾನೆ. ಆ ಮೂರು ಪುಟ ಬರೆಯುವಾಗ ನನಗೇ ಕಣ್ಣು ತುಂಬಿತ್ತು.

ಅದರ ಜೊತೆಗೆ ‘ನೀವು’, ‘ನೀನು’ ಇವೆ. ಪ್ರೀತಿ ಏಕವಚನಕ್ಕೆ ಇಳಿಯುವ ಕ್ಷಣವನ್ನು ಎಲ್ಲರೂ ಬಳಸುತ್ತಾರೆ, ಅದನ್ನು ವಿವರಿಸುವುದಿಲ್ಲ. ನಾನು ಇಬ್ಬರನ್ನೂ ಒಟ್ಟಿಗೆ ಇಳಿಸಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇದಕ್ಕಿಂತ ಕಠಿಣವಾದದ್ದು ಮೈಯ ಭಾಷೆ. ನಮ್ಮೂರಿನಲ್ಲಿ ಇಬ್ಬರು ಗಂಡಸರು ಕೈ ಹಿಡಿದು ಸಂತೆ ಸುತ್ತಿದರೆ, ಹೆಗಲ ಮೇಲೆ ಕೈ ಹಾಕಿದರೆ, ಒಂದೇ ಚಾಪೆಯಲ್ಲಿ ಮಲಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಗೆಳೆತನ. ಹಾಗಾಗಿ ಬೇರೆ ನಾಡಿನ ಪ್ರೇಮಕಥೆಗಳಲ್ಲಿ ಎದೆ ನಡುಗಿಸುವ ಕೈ ಹಿಡಿಯುವ ದೃಶ್ಯ ನಮ್ಮಲ್ಲಿ ಏನನ್ನೂ ಹೇಳುವುದಿಲ್ಲ. ನನ್ನ ಮೊದಲ ಓದುಗರು ಅರ್ಧ ಪುಸ್ತಕದವರೆಗೆ ಇವರಿಬ್ಬರನ್ನು ಆಪ್ತ ಗೆಳೆಯರೆಂದೇ ಓದಿದ್ದರು. ‘ಗೆಳೆಯ’ ಎಂಬ ಪದವನ್ನು ಪೂರ್ತಿ ತೆಗೆದುಹಾಕಿದೆ. ‘ಇನಿಯ’ ಹಾಡಿನ ಪದವಾಯಿತು. ‘ಸಲಿಂಗ’ ಎಂದು ಶುರುವಾಗುವ ಯಾವ ಪದವೂ ಪುಸ್ತಕದಲ್ಲಿಲ್ಲ, ನನ್ನ ಕಾದಂಬರಿಯ ರಾಜ್ಯದವರಿಗೆ ಅಂಥ ಪದದ ಅಗತ್ಯವೇ ಬಿದ್ದಿಲ್ಲ.

ಕೆಲಸಕ್ಕೆ ಬಂದದ್ದು ಎಂಜಲು. ತಂಬಿಗೆಯನ್ನು ಎತ್ತಿ ಕುಡಿಯುವುದು, ಕಚ್ಚಿ ಕುಡಿಯುವುದು: ಈ ವ್ಯತ್ಯಾಸವನ್ನು ಕನ್ನಡ ಓದುಗರಿಗೆ ಯಾರೂ ವಿವರಿಸಬೇಕಿಲ್ಲ. ನನ್ನ ರಾಜ್ಯದಲ್ಲಿ ದ್ವೇಷ ಇಲ್ಲವೆಂದಲ್ಲ; ಅದು ಗಂಡು ಗಂಡನ್ನು ಪ್ರೀತಿಸುವುದರ ಮೇಲಿಲ್ಲ, ನೀರಿನ ಮೇಲಿದೆ. ಮೇಲ್ಕಾಲುವೆಯವರು ಕೆಳಕಾಲುವೆಯವರ ತಂಬಿಗೆ ಮುಟ್ಟುವುದಿಲ್ಲ, ಮುಳುಗಿದ ಪಟ್ಟಣದವರ ನೆರಳನ್ನೂ ನೀರಿಗೆ ಬೀಳಗೊಡುವುದಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಹೊನ್ನನು ಕಚ್ಚಿ ಕುಡಿದಿಟ್ಟ ತಂಬಿಗೆಯನ್ನು ಸಿದ್ಧನು ತೊಳೆಯದೆ ಎತ್ತಿಕೊಳ್ಳುತ್ತಾನೆ. ಅದೇ ಜಾಗಕ್ಕೆ ತುಟಿ ಇಡುತ್ತಾನೆ. ಆ ದೃಶ್ಯಕ್ಕೆ ಬಂದಷ್ಟು ಸಂದೇಶಗಳು ಪುಸ್ತಕದ ಇನ್ನಾವ ಭಾಗಕ್ಕೂ ಬಂದಿಲ್ಲ. ಇನ್ನೊಂದು ದೃಶ್ಯ ನರಕ ಚತುರ್ದಶಿಯ ಎಣ್ಣೆಸ್ನಾನದ್ದು. ಅದನ್ನು ಹೇಗೆ ಕಟ್ಟಿದೆನೆಂದು ಇಲ್ಲಿ ಬರೆಯುವುದಿಲ್ಲ. ಮುಂದಿನ ಪುಸ್ತಕದಲ್ಲೂ ಅದೇ ಕೈಚಳಕ ಬೇಕಾಗಿದೆ.

ಮಧ್ಯೆ ಎರಡು ಅಡ್ಡದಾರಿ ಹಿಡಿದೆ. ‘ನಾನು ಬಂದೆ’, ‘ನೀನು ಬಂದೆ’ ಎರಡೂ ಒಂದೇ ರೂಪ, ಎರಡಕ್ಕೂ ಲಿಂಗವಿಲ್ಲ. ಇಷ್ಟನ್ನೇ ಹಿಡಿದು ಸುಮಾರು ಮೂರು ಸಾವಿರ ಪದಗಳ ಪ್ರೇಮಕಥೆ ಬರೆದು ಹನ್ನೊಂದು ಜನರಿಗೆ ಕೊಟ್ಟೆ. ಎಂಟೋ ಒಂಬತ್ತೋ ಮಂದಿ ಗಂಡು ಹೆಣ್ಣು ಎಂದೇ ಓದಿದರು. ಇಬ್ಬರು ಮಾತ್ರ “ಇದು ನಮ್ಮ ಕಥೆ” ಎಂದರು. ಕಾದಂಬರಿಗೆ ಆ ತಂತ್ರವನ್ನು ಬಳಸಲಿಲ್ಲ. ಅಡಗಿ ಕುಳಿತುಕೊಳ್ಳಲು ಅದು ಒಳ್ಳೆಯ ಜಾಗ, ನನಗೆ ಬಯಲು ಬೇಕಿತ್ತು.

ಎರಡನೆಯದು, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಕೆರೆಯ ಪೂಜಾರಿಯ ಪಾತ್ರ. ‘ಅದು’ ಎಂದರೆ ಅವಮಾನ. ‘ಅವರು ಬಂದರು’ ಎಂದು ಬರೆದರೆ ಅದು ಬರಿಯ ಗೌರವವಾಗಿ ಕರಗಿಹೋಗುತ್ತದೆ, ಓದುಗರು ತಮಗೆ ತೋಚಿದ ಲಿಂಗವನ್ನು ಹಾಕಿಕೊಳ್ಳುತ್ತಾರೆ. ಹೊಸಪೇಟೆಯ ಕಡೆ ಹೋಗಿ, ಗಂಡಾಗಿ ಹುಟ್ಟಿ ಯಲ್ಲಮ್ಮನ ಸೇವೆಯಲ್ಲಿ ಹೆಣ್ಣಾಗಿ ಬದುಕುತ್ತಿರುವ ಹಿರಿಯ ಜೋಗತಿಯೊಬ್ಬರನ್ನು ಎರಡು ದಿನ ಮಾತನಾಡಿಸಿದೆ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನೂ ಪಡೆದ ಮೇಲೆ ತಮ್ಮ ಬೀದಿಯವರೇ ತಮ್ಮನ್ನು ಕರೆಯುವ ಬಗೆ ಬದಲಾಯಿತೆಂದು ಈ ಹಿರಿಯರು ಹೇಳಿದರು. ಅವರ ಸಲಹೆ ಸರಳವಾಗಿತ್ತು: “ಸರ್ವನಾಮ ಯಾಕೆ? ಎಲ್ಲರೂ ಅಮ್ಮ ಎನ್ನಲಿ.” ಪಾತ್ರದ ವಾಕ್ಯಗಳಲ್ಲೆಲ್ಲ ‘ಅಮ್ಮ ಬಂದರು, ಅಮ್ಮ ಗದರಿದರು’ ಎಂದು ಬರೆದೆ. ಗಡ್ಡವಿರುವ ಅಮ್ಮ. ನಿಂತಿತು. ಅವರಿಗೆ ಎರಡು ಸಾವಿರ ರೂಪಾಯಿ ಕೊಟ್ಟೆ, ಸೀರೆ ಬೇರೆ. ಇಂಥ ಪಾತ್ರ ಬರೆಯುವವರು ಹೋಗಿ ಕೇಳಿ, ಕೇಳಿದ್ದಕ್ಕೆ ಹಣ ಕೊಡಿ.

ಇನ್ನು ಹಣದ ವಿಷಯ. ಮೊದಲು ಧಾರಾವಾಹಿ ಪ್ರಕಟಿಸುವ ಒಂದು ಆ್ಯಪ್‌ನಲ್ಲಿ ವಾರಕ್ಕೆರಡು ಕಂತು ಹಾಕಿದೆ. ಯಾರೋ ದೂರು ಕೊಟ್ಟು ಎರಡು ಕಂತು ಹದಿನೈದು ದಿನ ಕಾಣೆಯಾದವು. ಚುಂಬನವೂ ಇರಲಿಲ್ಲ ಅವುಗಳಲ್ಲಿ. ವರ್ಷಕ್ಕೆ ಬಂದದ್ದು ಹತ್ತೊಂಬತ್ತು ನೂರು ರೂಪಾಯಿಯಷ್ಟು. ಆದರೆ ಕೊನೆಯವರೆಗೆ ಬಂದ ಮುನ್ನೂರು ಚಿಲ್ಲರೆ ಓದುಗರು ಸಿಕ್ಕರು, ಪುಸ್ತಕವನ್ನು ಅವರೇ ಹೊತ್ತರು. ಮುದ್ರಣಕ್ಕೆ ಮೊದಲು ಒಪ್ಪಿದ ಪ್ರೆಸ್ಸಿನವರು ಮುಂಗಡ ಎಂಟು ಸಾವಿರ ಪಡೆದು, ಮುಖಪುಟದಲ್ಲಿ ಇಬ್ಬರು ಗಂಡಸರ ಚಿತ್ರ ನೋಡಿ ಹಿಂದೆ ಸರಿದರು. ಆ ಹಣ ಮರಳಿ ಬರಲಿಲ್ಲ. ಎರಡನೇ ಪ್ರೆಸ್ಸಿನಲ್ಲಿ ಐನೂರು ಪ್ರತಿಗೆ ಮೂವತ್ತೆಂಟು ಸಾವಿರ, ಮುಖಪುಟ ಕಲಾವಿದೆಗೆ ಆರು ಸಾವಿರ. ಪುಟವಿನ್ಯಾಸ ನಾನೇ ಮಾಡಿದೆ. ‘ನುಡಿ’ ತಂತ್ರಾಂಶದಲ್ಲಿ ಬರೆದದ್ದನ್ನು ಯೂನಿಕೋಡಿಗೆ ತಂದಾಗ ಕೆಟ್ಟ ಅರ್ಕಾವತ್ತುಗಳನ್ನು ತಿದ್ದಲು ಒಂಬತ್ತು ರಾತ್ರಿ. ಬೆಲೆ 260. ಮಾರಾಟಗಾರರು ನಲವತ್ತೈದು ಶೇಕಡಾ ಕೇಳಿದ್ದರಿಂದ ಅಂಗಡಿಗಳಿಗೆ ಅರವತ್ತು ಪ್ರತಿ ಮಾತ್ರ ಕೊಟ್ಟು, ಉಳಿದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ವಿಳಾಸ ಪಡೆದು ಅಂಚೆಯಲ್ಲಿ ಕಳಿಸಿದೆ. ಏಳು ತಿಂಗಳಲ್ಲಿ ಐನೂರೂ ಮುಗಿದವು. ನಮ್ಮ ವಲಯದಲ್ಲಿ ಇದು ಸಣ್ಣ ಮಾತಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಎರಡೂ ಮುದ್ರಣ ಸೇರಿ ಕೈಯಲ್ಲಿ ಉಳಿದದ್ದು ಐವತ್ತು ಸಾವಿರದ ಆಸುಪಾಸು.

ವಿಳಾಸ ಕೊಟ್ಟವರಲ್ಲಿ ಮೂವರಲ್ಲಿ ಒಬ್ಬರಾದರೂ ಕೇಳಿದ್ದು ಒಂದೇ: “ಪಾರ್ಸೆಲ್ ಮೇಲೆ ಪುಸ್ತಕದ ಹೆಸರು ಬೇಡ.” ಕೆಲವರು ಕಚೇರಿಯ ವಿಳಾಸ ಕೊಟ್ಟರು, ಒಬ್ಬರು ಹಾಸ್ಟೆಲ್ ಎದುರಿನ ಜೆರಾಕ್ಸ್ ಅಂಗಡಿಯದು. ಎರಡನೇ ಮುದ್ರಣಕ್ಕೆ ಬರಿಯ ಕೆರೆಯ ಚಿತ್ರವಿರುವ ಹೊರಕವಚವೊಂದನ್ನು ಮಾಡಿಸಿದೆ. ಪ್ರತಿಗೆ ನಾಲ್ಕು ರೂಪಾಯಿ ಹೆಚ್ಚಾಯಿತು. ಮನೆಯಲ್ಲಿ ಎಲ್ಲರೆದುರು ಓದಲು ಸಾಧ್ಯವಾಯಿತೆಂದು ಒಬ್ಬ ಹುಡುಗಿ ಬರೆದಳು.

ಮದುವೆಯ ಅಧ್ಯಾಯದ ಬಗ್ಗೆ ಹೇಳಲೇಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದಿದ್ದಾಗ ಕೊನೆಯ ಕರಡಚ್ಚು ನನ್ನ ಮೇಜಿನ ಮೇಲಿತ್ತು. ಮದುವೆಯನ್ನು ತೆಗೆದು ಬರಿಯ ಒಟ್ಟಿಗಿರುವಿಕೆಯಾಗಿ ಮುಗಿಸುವಂತೆ ಇಬ್ಬರು ಹಿತೈಷಿಗಳು ಸೂಚಿಸಿದರು. ಆ ರಾತ್ರಿ ನಾನು ಆ ಅಧ್ಯಾಯವನ್ನು ನಾಲ್ಕು ಪುಟ ಹಿಗ್ಗಿಸಿದೆ. ನಮ್ಮ ಮದುವೆಯ ತಿರುಳು ಧಾರೆ. ಧಾರೆಯೆಂದರೆ ನೀರು ಎರೆಯುವುದು. ಕಥೆಯ ನಾಯಕ ನೀರಗಂಟಿ. ತಾಳಿ ಇಲ್ಲ, ಮಂಟಪವಿಲ್ಲ. ಊರೆಲ್ಲ ಕೆರೆಯ ಏರಿಯ ಮೇಲೆ ನಿಂತಿದೆ, ಗಡ್ಡದ ಅಮ್ಮ ಅಕ್ಷತೆ ಹಿಡಿದು ಕಾಯುತ್ತಿದ್ದಾರೆ, ಇಬ್ಬರೂ ಸೇರಿ ತೂಬು ಎತ್ತುತ್ತಾರೆ. ನೀರು ಮೇಲ್ಕಾಲುವೆಗೂ ಕೆಳಕಾಲುವೆಗೂ ಒಟ್ಟಿಗೆ ಹರಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಇಬ್ಬರಿಗೂ ತಲೆ ನರೆತಿದೆ. ಹಾವೇರಿಯ ಹುಡುಗನಿಗೆ ಮೊದಲ ಪ್ರತಿಯನ್ನು ಕಳಿಸಿದೆ.

ನನ್ನ ವಿಧಾನ ಗೆದ್ದಿತೆಂದು ತಿಳಿದದ್ದು ವಿಮರ್ಶೆಯಿಂದಲ್ಲ. ಅರವತ್ತು ದಾಟಿದ ಗೃಹಿಣಿಯೊಬ್ಬರು ಫೋನ್ ಮಾಡಿ ಹೇಳಿದರು: “ಕೊನೆಯಲ್ಲಿ ಮದುವೆ ಮಾಡಿಸಿದ್ದೀರಿ, ಸಂತೋಷ. ಆದರೆ ಅವರ ಮದುವೆ ಜ್ವರದ ರಾತ್ರಿಯೇ ಆಗಿತ್ತಲ್ಲವೇ? ಅವನು ಇವನಾದನಲ್ಲ.” ನಾನು ಅವರಿಗೆ ಏನನ್ನೂ ವಿವರಿಸಿರಲಿಲ್ಲ. ಇದನ್ನು ಆ ಸಂಪಾದಕರಿಗೆ ತಿಳಿಸಿದಾಗ ಅವರು ಪುಸ್ತಕದ ಎರಡು ಪ್ರತಿ ತರಿಸಿಕೊಂಡರು, ಹಣ ಕೊಟ್ಟು.

ಈಗ ಎರಡನೇ ಭಾಗದ ನಲವತ್ತನೇ ಪುಟದಲ್ಲಿದ್ದೇನೆ. ನಾಯಕಿಯರಿಬ್ಬರು. ‘ಇವಳು’ ನಮ್ಮಲ್ಲಿ ಗಂಡಂದಿರ ಬಾಯಲ್ಲಿ ಸವೆದ ಪದ. “ನಮ್ಮ ಇವಳು” ಎಂದೊಡನೆ ಆಡುವವನ ಮೀಸೆ ಕಾಣುತ್ತದೆ. ಹೆಣ್ಣೊಬ್ಬಳು ಅದನ್ನು ಇನ್ನೊಬ್ಬಳಿಗೆ ಹೇಳಿದಾಗ ಆ ಮೀಸೆ ಕಾಣದಂತೆ ಮಾಡಲು ಮೂರು ಬಗೆಯಲ್ಲಿ ಬರೆದು ನೋಡಿದ್ದೇನೆ, ಒಂದೂ ಕೂಡಿಬಂದಿಲ್ಲ. ಚಿಕ್ಕಮ್ಮನ ಮನೆಗೆ ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ.